ಐದನೇ ತರಗತಿಯ ಮಗುವಿಗೆ ಓದು ಬರ್ತಿಲ್ವಾ? ಸಂಶೋಧನೆಯನ್ನು ಹೀಗೆ ಬಳಸಿ

ಐದನೇ ತರಗತಿಯ ಪಾಠ ಮುಂದೆ ಹೋಗ್ತಾ ಇರುತ್ತದೆ, ಹಿಂದಿನ ಸಾಲಿನ ಹುಡುಗಿ ಮಾತ್ರ 'ಬೆಕ್ಕು' ಅನ್ನೋ ಪದದ ಒತ್ತಕ್ಷರದಲ್ಲೇ ನಿಂತಿರುತ್ತಾಳೆ. ಇಂಥ ಮಕ್ಕಳಿಗೆ ಏನು ಮಾಡಿದರೆ ಉಪಯೋಗ ಅಂತ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯೂ 2019ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರೂ ನಮ್ಮ ದೇಶದ ಶಾಲೆಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ.

ಮೊದಲು ಒಂದು ಹಾಳೆ ತಯಾರಿಸಿ. ಅದರಲ್ಲಿ ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ, ಒಂದು ಪುಟ್ಟ ಕಥೆ ಇರಲಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಯಾರಾ ಓದಿಸಿ. ಸರಾಗವಾಗಿ ಓದಿದರೆ ಕಥೆ ಕೊಡಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಅದೂ ಕಷ್ಟವಾದರೆ ಅಕ್ಷರಕ್ಕೆ. ಅವಸರ ಬೇಡ. ಹೆದರಿದ ಮಗು ಗೊತ್ತಿದ್ದದ್ದನ್ನೂ ಓದಲ್ಲ.

ಆಮೇಲೆ ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಸೇರಿಸಿ, ಓದಿನ ಮಟ್ಟ ನೋಡಿ ಗುಂಪು ಮಾಡಿ. ತರಗತಿ ನೋಡಿ ಅಲ್ಲ. ಆಯಾ ಗುಂಪಿಗೆ ಅದರ ಮಟ್ಟದಿಂದಲೇ ಓದು ಕಲಿಸಲು ದಿನಕ್ಕೆ ಒಂದು ಗಂಟೆ ಮೀಸಲಿಡಿ.

ಆ ಒಂದು ಗಂಟೆ ತುಂಬಾ ಮುಖ್ಯ. ಆ ಸಂಶೋಧನೆಯಲ್ಲಿ, ಶಿಕ್ಷಕರಿಗೆ ಸುಮ್ನೆ ತರಬೇತಿ ಕೊಟ್ಟು ಪುಸ್ತಕ ಹಂಚಿದ ಕಡೆ ಹೆಚ್ಚು ಬದಲಾವಣೆ ಆಗಲಿಲ್ಲ, ಯಾಕಂದ್ರೆ ಸಿಲಬಸ್ ಮುಗಿಸುವ ಒತ್ತಡ ಹಾಗೇ ಇತ್ತು. ಹರಿಯಾಣದಲ್ಲಿ 2012-13ರಲ್ಲಿ ವೇಳಾಪಟ್ಟಿಯಲ್ಲೇ ಸಮಯ ಕೊಟ್ಟು, ಅಧಿಕಾರಿಗಳು ಶಾಲೆಗೆ ಬಂದು ಬೆಂಬಲಿಸಿದಾಗ ಹಿಂದಿ ಓದು ಸುಧಾರಿಸಿತು. ಹಾಗಾಗಿ ಮುಖ್ಯೋಪಾಧ್ಯಾಯರನ್ನೂ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿಯವರನ್ನೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೊದಲೇ ಒಪ್ಪಿಸಿ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಮಕ್ಕಳ ಹೆಸರು ಬೇಡ, ಯಾವ ಮಟ್ಟದಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನೋ ಲೆಕ್ಕ ಸಾಕು.

ಆರೇಳು ವಾರ ಬಿಟ್ಟು ಮತ್ತೆ ಓದಿಸಿ, ಗುಂಪು ಬದಲಿಸಿ. ಅಕ್ಷರದ ಗುಂಪಲ್ಲೇ ಉಳಿದವರಿಗೆ ನಿಮ್ಮಲ್ಲಿ ಅತಿ ಚೆನ್ನಾಗಿ ಕಲಿಸುವ ಶಿಕ್ಷಕರನ್ನೇ ಕೊಡಿ.