ಬೀಜಕ್ಕೆ ಅಜೋಟೋಬ್ಯಾಕ್ಟರ್ ಹಚ್ಚುವುದು ಹೇಗೆ?

ಮೊದಲು ಪ್ಯಾಕೆಟ್ ಮೇಲಿನ ಹೆಸರು ಓದಿ. ‘ಜೈವಿಕ ಗೊಬ್ಬರ ಕೊಡಿ’ ಎಂದು ಸುಮ್ನೆ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ತೊಗರಿ, ಕಡಲೆ, ಶೇಂಗಾಕ್ಕೆ ಬೇರಿನ ಗಂಟಿನಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಬೇಕು. ಅಜೋಟೋಬ್ಯಾಕ್ಟರ್ ಕೂಡ ಬ್ಯಾಕ್ಟೀರಿಯಾವೇ, ಆದರೆ ಮಣ್ಣಿನಲ್ಲಿ ತನ್ನ ಪಾಡಿಗೆ ಇದ್ದು ಗಾಳಿಯ ಸಾರಜನಕ ಹಿಡಿಯುತ್ತದೆ. ಜೋಳ, ಮೆಕ್ಕೆಜೋಳ, ಹತ್ತಿಗೆ ಇದು ಸರಿ. ಅಜೋಸ್ಪಿರಿಲಂ ಎಂಬ ಇನ್ನೊಂದು ಜೈವಿಕ ಗೊಬ್ಬರ ಹೆಸರಿನಲ್ಲಷ್ಟೇ ಹತ್ತಿರ, ಕುಲ ಬೇರೆ.

ಅಜೋಟೋಬ್ಯಾಕ್ಟರ್ ಕುಲವನ್ನು 1901ರಲ್ಲಿ ಗುರುತಿಸಿದ್ದು ಡಚ್ ವಿಜ್ಞಾನಿ ಬೈಯೆರಿಂಕ್. ಬಹುಕಾಲ ಇದಕ್ಕೆ ಅಜೋಟೋಬ್ಯಾಕ್ಟರೇಸಿ ಎಂಬ ಪ್ರತ್ಯೇಕ ಕುಟುಂಬವೇ ಇತ್ತು. ಈಗ ಸ್ಯೂಡೋಮೊನಾಸ್ ಕುಟುಂಬಕ್ಕೆ ಸೇರಿಸಿದ್ದಾರೆ. ಪ್ಯಾಕೆಟ್ ಮೇಲೆ ಪ್ರಭೇದದ ಹೆಸರೂ ಇರಲಿ. ಹೆಚ್ಚಾಗಿ ಅದು ಕ್ರೋಕೋಕಮ್. ಅವಧಿ ಮುಗಿದಿದ್ದರೆ, ಅಂಗಡಿ ಮುಂದೆ ಬಿಸಿಲಿಗೆ ಇಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ ಇಳಿಸಿ.

ಜಾಸ್ತಿ ಜನ ಕೆಡಿಸುವುದು ಇಲ್ಲಿಂದ. ಬಿಸಿಯಿರುವಾಗಲೇ ಪುಡಿ ಸುರಿಯುತ್ತಾರೆ, ಜೀವಿಗಳು ಪಾತ್ರೆಯಲ್ಲೇ ಸಾಯುತ್ತವೆ. ಪಾತ್ರೆಯ ತಳ ಮುಟ್ಟಿ ನೋಡಿ, ಪೂರ್ತಿ ತಣ್ಣಗಾಗಿರಬೇಕು. 10 ಕೆಜಿ ಬೀಜವನ್ನು ಗೋಣಿತಾಟಿನ ಮೇಲೆ ಹರಡಿ. ಬೆಲ್ಲದ ನೀರನ್ನು ಒಮ್ಮೆಲೇ ಸುರಿಯದೆ ಚಿಮುಕಿಸುತ್ತಾ ಹೋಗಿ. ಬೀಜ ಅಂಟಂಟಾದರೆ ಸಾಕು, ತೊಯ್ಯಬಾರದು. ಮಿಕ್ಕಿದ ನೀರು ಚೆಲ್ಲಿ. 200 ಗ್ರಾಂ ಪುಡಿ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ. ಗಸಗಸ ಉಜ್ಜಿದರೆ ಬೀಜದ ಸಿಪ್ಪೆ ಕಿತ್ತು ಬರಬಹುದು. ಪ್ರತಿ ಬೀಜಕ್ಕೂ ಕಪ್ಪು ಪುಡಿ ಹಿಡಿದಿರಬೇಕು. ಅರ್ಧ ಗಂಟೆ ನೆರಳಲ್ಲಿ ಆರಿಸಿ. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು.

ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಡಬೇಡಿ. ಗಾಳಿಯಿಲ್ಲದೆ ಈ ಜೀವಿ ಬೆಳೆಯುವುದಿಲ್ಲ. ಅದೇ ದಿನ ಬಿತ್ತಿ.

ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಇದು ಕೊನೆಗೆ. ಅಂಗಡಿಯ ಹೈಬ್ರಿಡ್ ಬೀಜ ಕೆಂಪಗೋ ಗುಲಾಬಿಯಾಗೋ ಇದೆ ಅಲ್ವಾ? ಅದಕ್ಕೆ ಸಾಮಾನ್ಯವಾಗಿ ಔಷಧ ಆಗಲೇ ಹಚ್ಚಿರುತ್ತಾರೆ. ನಾನಂತೂ ಅಂಥ ಬೀಜಕ್ಕೆ ಹಚ್ಚುವುದಿಲ್ಲ. ಎಕರೆಗೆ 2 ಕೆಜಿ ಪುಡಿಯನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಹಾಕುವುದೇ ವಾಸಿ. ಯೂರಿಯಾ ಜೊತೆ ಮಾತ್ರ ಕಲಸಬೇಡಿ.

ಕೊಟ್ಟಿಗೆ ಗೊಬ್ಬರ ಕಾಣದ ಹೊಲದಲ್ಲಿ ಇದರಿಂದ ಹೆಚ್ಚೇನೂ ಆಗದು. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಹಾಗಾಗಿ ಒಳಗೆ ಬಂದ ಆಮ್ಲಜನಕವನ್ನು ಖರ್ಚು ಮಾಡಲು ಈ ಜೀವಿ ಭರಭರ ಉಸಿರಾಡುತ್ತದೆ. ಅದಕ್ಕೆ ಸಾವಯವ ಆಹಾರ ಬಹಳ ಬೇಕು. ನೀರು ನಿಲ್ಲುವ ಹೊಲ, ಹುಳಿ ಮಣ್ಣೂ ಇದಕ್ಕೆ ಒಗ್ಗದು. ಮಲೆನಾಡಿನವರು ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಮೊದಲು ಸುಣ್ಣ ಹಾಕಿ.