ಟೊಳ್ಳಾದ ಮೂಳೆ: ಪತ್ತೆ ಹೇಗೆ, ಮಾತ್ರೆ ನುಂಗುವುದು ಹೇಗೆ?

ಮಂಡಿ ನೋವು ಶುರುವಾದರೆ ಸಾಕು, ‘ಮೂಳೆ ಸವೆದಿದೆ’ ಅನ್ನುತ್ತೇವೆ. ಅದು ಕೀಲಿನ ಸವೆತ. ಆಸ್ಟಿಯೊಪೊರೋಸಿಸ್ ಬೇರೆಯೇ ಕಥೆ. ಇದರಲ್ಲಿ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ನೋವೇ ಇರುವುದಿಲ್ಲ. ಎಷ್ಟೋ ಜನರಿಗೆ ಗೊತ್ತಾಗುವುದು ಮೂಳೆ ಮುರಿದ ಮೇಲೆಯೇ.

65 ದಾಟಿದ ಹೆಂಗಸರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಟ್ಟು ಬೇಗ ನಿಂತವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು ಅಷ್ಟು ದಿನ ಕಾಯಬೇಡಿ. ನಿಂತಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದಿದೆಯಾ? ಎತ್ತರ ನಾಲ್ಕು ಸೆಂ.ಮೀ. ಕುಗ್ಗಿದೆಯಾ? ಗಂಡಸರಾದರೂ ಡಾಕ್ಟರಿಗೆ ತೋರಿಸಿ.

ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ಸ್ವಲ್ಪ ಹೊತ್ತು ಸುಮ್ನೆ ಮಲಗಿದರೆ ಆಯಿತು. ಸೊಂಟ, ಬೆನ್ನುಮೂಳೆ ಎಷ್ಟು ಗಟ್ಟಿಯಿವೆ ಎಂದು ಅಳೆಯುತ್ತಾರೆ. ರಿಪೋರ್ಟಿನಲ್ಲಿ ಟಿ-ಸ್ಕೋರ್ ಹುಡುಕಿ. ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿದರೆ ನಿಮ್ಮದು ಹೇಗಿದೆ ಎಂದು ಹೇಳುವ ಅಂಕಿ ಇದು. ಮೈನಸ್ 1ರವರೆಗೆ ಚಿಂತೆಯಿಲ್ಲ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ ಎಂದರ್ಥ. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಕಿಡ್ನಿ ನೋಡಲು ರಕ್ತ ಪರೀಕ್ಷೆ ಬೇಕು. ಕಿಡ್ನಿ ತೀರಾ ಸೋತಿದ್ದರೆ ಕೆಲವು ಔಷಧಿ ಕೊಡಲಾಗದು.

ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಗೋಡೆ ಕೆಡವುತ್ತಿರುವವನನ್ನು ತಡೆಯದೆ ಬರೀ ಇಟ್ಟಿಗೆ ಸುರಿದರೆ ಏನು ಬಂತು? ಕೆಡವುವುದನ್ನು ತಡೆಯಲು ಸಾಮಾನ್ಯವಾಗಿ ಮೊದಲು ಕೊಡುವುದು ಅಲೆಂಡ್ರೊನೇಟ್, ವಾರಕ್ಕೊಂದು 70 ಮಿ.ಗ್ರಾಂ. ಮಾತ್ರೆ. ಇದನ್ನು ನುಂಗುವ ಕ್ರಮ ತಪ್ಪಿದರೆ ನುಂಗಿದ್ದೇ ದಂಡ. ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ. ಕಾಫಿ, ಹಾಲು ಬೇಡ. ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂ ಬಾರದು. ಮಲಗಿದರೆ ಮಾತ್ರೆ ಅನ್ನನಾಳಕ್ಕೆ ತಾಗಿ ಹುಣ್ಣಾಗಬಹುದು. ಕ್ಯಾಲ್ಸಿಯಂ ಮಾತ್ರೆ ಆಮೇಲಿನ ಹೊತ್ತಿಗಿರಲಿ. ಜೊತೆಗೇ ನುಂಗಿದರೆ ಅಲೆಂಡ್ರೊನೇಟ್ ಮೈಗೆ ಹತ್ತುವುದಿಲ್ಲ. ಹಲ್ಲು ಕೀಳಿಸುವುದಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಮುಗಿಸಿ.

ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಇದೆ. ಆರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಡೆನೊಸುಮಾಬ್ ಇಂಜೆಕ್ಷನ್ನೂ ಇದೆ. ಇದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬೇರೆ ಔಷಧಿ ಶುರುಮಾಡದೆ ಬಿಟ್ಟರೆ ಗಳಿಸಿದ ಬಲ ಬೇಗ ಕರಗಿ, ಬೆನ್ನುಮೂಳೆ ಒಂದಾದ ಮೇಲೊಂದು ಕುಸಿಯಬಹುದು. ಅಲೆಂಡ್ರೊನೇಟ್‌ಗಾದರೆ ಐದು ವರ್ಷದ ನಂತರ ಬಿಡುವು ಕೊಡಬಹುದಾ ಎಂದು ಡಾಕ್ಟರನ್ನು ಕೇಳಿ.

ಮತ್ತೆ ಸ್ಕ್ಯಾನ್ ಮಾಡಿಸುವಾಗ ಆದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಹಳೆಯ ಅಂಕಿಯ ಜೊತೆ ಹೋಲಿಸುವುದು ಕಷ್ಟ.