ಹತ್ತುತ್ತಿದ್ದ ಕಾಳಿ ನದಿಯನ್ನು ಇಳಿಸಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ದಾಂಡೇಲಿಯ ಕಾಳಿ ಅಲ್ಲ. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಗೂ ನೇಪಾಳಕ್ಕೂ ನಡುವೆ ಗಡಿಯಾಗಿ ಹರಿಯುವ ಕಾಳಿ. ಆಚೆ ದಡದವರಿಗೆ ಅದು ಮಹಾಕಾಳಿ, ಬಯಲಿಗಿಳಿದ ಮೇಲೆ ಶಾರದಾ. ಮೇಲಿನ ಗುಂಜಿಯಿಂದ ಬಯಲಂಚಿನ ಟನಕಪುರದವರೆಗೆ ಅದರ ಪ್ರೊಫೈಲ್, ಅಂದರೆ ನದಿ ಎಲ್ಲೆಲ್ಲಿ ಎಷ್ಟು ಇಳಿಯುತ್ತದೆ ಎಂದು ತೋರಿಸುವ ಗೆರೆ, ಎಳೆಯಬೇಕು ಎಂಬ ಹುಚ್ಚು ಹತ್ತಿ ಮೂರು ವರ್ಷ ಆಯಿತು. ಗಡಿ ಭಾಗದ ದೊಡ್ಡ ಅಳತೆಯ ನಕ್ಷೆಗಳು ನಮ್ಮಂಥವರ ಕೈಗೆ ಸಿಗುವುದು ಕಷ್ಟ. ಹಾಗಾಗಿ ಪುಕ್ಕಟೆ ಸಿಗುವ ಡಿಇಎಂ ಒಂದೇ ಗತಿ. ಡಿಇಎಂ ಎಂದರೆ ನೆಲವನ್ನು ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ಒಂದು ಎತ್ತರ ಕೊಡುವ ಕಂಪ್ಯೂಟರ್ ನಕ್ಷೆ.

ಬಾಹ್ಯಾಕಾಶ ನೌಕೆಯಿಂದ ರೇಡಾರಿನಲ್ಲಿ ಅಳೆದ ಎಸ್‌ಆರ್‌ಟಿಎಂ ಎಂಬ ಡಿಇಎಂ ಹಾಕಿ ಮೊದಲ ಸಲ ಗೆರೆ ಎಳೆದಾಗ ನದಿ ಬೆಟ್ಟ ಹತ್ತುತ್ತಿತ್ತು! ಕಂದರದಲ್ಲಿರುವ ಮಾಲ್ಪಾ ಎಂಬ ಜಾಗದ ಕೆಳಗೆ ಒಂದೇ ಕಡೆ ಎಂಬತ್ತು ಮೀಟರ್ ಏರು. ಕಾರಣ ಇಷ್ಟೇ. ಕಂದರ ಕಿರಿದು, ಗೋಡೆ ಕಡಿದು, ರೇಡಾರಿಗೆ ತಳ ಕಾಣುವುದಿಲ್ಲ. 2000ದ ಫೆಬ್ರವರಿಯಲ್ಲಿ ಹನ್ನೊಂದು ದಿನ ಮೇಲೆ ಸುತ್ತಿದ ನೌಕೆಯನ್ನು ಬೈದು ಏನು ಪ್ರಯೋಜನ? ಯುರೋಪಿನವರ ಕೋಪರ್ನಿಕಸ್ ಡಿಇಎಂ ವಾಸಿ, ಆದರೂ ಅದರಲ್ಲಿಯೂ ನಲವತ್ತು ಮೀಟರಿನ ಗೂನುಗಳು ಉಳಿದವು.

ಎಲ್ಲರೂ ಹೇಳಿದ್ದು ಒಂದೇ, ತಗ್ಗುಗಳನ್ನು ತುಂಬಿ ಮಟ್ಟ ಮಾಡುವ 'ಫಿಲ್' ಓಡಿಸು ಅಂತ. ಓಡಿಸಿದೆ. ಪ್ರತಿ ಗೂನಿನ ಹಿಂದೆ ಒಂದು ಕೆರೆ ತುಂಬಿ, ಕಾಳಿ ನದಿ ಅಣೆಕಟ್ಟುಗಳ ಸಾಲಿನ ಹಾಗೆ ಕಂಡಿತು. ಗೂನನ್ನು ಕೊರೆದು ತೆಗೆದರೆ ಇನ್ನೊಂದು ಕಷ್ಟ. ಎಲ್ಲೋ ಇದ್ದ ಒಂದು ಸುಳ್ಳು ಗುಂಡಿ ಮೈಲುಗಟ್ಟಲೆ ನದಿಯನ್ನು ಪಾತಾಳಕ್ಕೆ ಎಳೆದುಬಿಡುತ್ತದೆ.

ನಾನು ಮಾಡಿದ್ದು ಇಷ್ಟು. ನದಿಗೆರೆಯ ಕೆಳಗಿನ ಚೌಕವನ್ನು ನಂಬುವುದನ್ನೇ ಬಿಟ್ಟೆ. ನೂರು ಮೀಟರಿಗೊಂದು ಅಡ್ಡಗೆರೆ ಹಾಕಿ, ಅದರ ಮೇಲಿನ ಎತ್ತರಗಳಲ್ಲಿ ತೀರಾ ತಗ್ಗಿನದ್ದನ್ನು ಬಿಟ್ಟು ಅದಕ್ಕಿಂತ ಸ್ವಲ್ಪ ಮೇಲಿನದ್ದನ್ನು ತೆಗೆದುಕೊಂಡೆ. ಆಮೇಲೆ ಅರ್ಧ ಕೊರೆತ, ಅರ್ಧ ತುಂಬು. ಇದನ್ನು ಕೇಳಿ ಕಾರವಾರದ ಗೆಳೆಯ ನಕ್ಕ. "ಮೂವತ್ತು ಮೀಟರ್ ಚೌಕದಲ್ಲಿ ಇಪ್ಪತ್ತು ಮೀಟರ್ ಹೊಳೆ ಹುಡುಕ್ತೀಯಾ ಮಾರಾಯ?"

ಅವನ ಬಾಯಿ ಮುಚ್ಚಿಸಲು ನಮ್ಮ ಕಾಳಿಯ ಮೇಲೆಯೇ ಪ್ರಯೋಗ ಮಾಡಿದೆ. ಸೂಪಾ, ಕೊಡಸಳ್ಳಿ, ಕದ್ರಾ, ಮೂರೂ ಅಣೆಕಟ್ಟುಗಳು ಮೆಟ್ಟಿಲು ಕೊರೆದಿಟ್ಟ ಹಾಗೆ ಬಂದವು. ಒಂದು ವಾರ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಆಮೇಲೆ ತಲೆಗೆ ಹೊಳೆಯಿತು. ಕೋಪರ್ನಿಕಸ್‌ನಲ್ಲಿ ದೊಡ್ಡ ನೀರಿನ ಹಾಸನ್ನು ಮೊದಲೇ ಇಸ್ತ್ರಿ ಮಾಡಿಟ್ಟಿರುತ್ತಾರೆ. ನನ್ನ ವಿಧಾನ ಅಲ್ಲಿ ಕಡಿದು ಗುಡ್ಡೆ ಹಾಕಿದ್ದು ಏನೂ ಇರಲಿಲ್ಲ. ಗೆಳೆಯನಿಗೆ ಇದನ್ನು ನಾನಾಗಿ ಹೇಳಲಿಲ್ಲ, ಅವನೇ ಕಂಡುಹಿಡಿದ.

ಹಿಮಾಲಯದ ಕಾಳಿಯಲ್ಲಿ ಝೂಲಾಘಾಟಿನ ಕೆಳಗೆ ಮತ್ತೊಂದು ಪೆಟ್ಟು. ಅಲ್ಲಿ ನದಿ ಹಾವಿನ ಹಾಗೆ ಸುತ್ತುತ್ತದೆ. ಅಡ್ಡಗೆರೆ ಅಗಲವಾದರೆ ಮುಂದಿನ ತಿರುವಿನ ನೀರನ್ನೇ ಮುಟ್ಟಿ ತಗ್ಗಿನ ಎತ್ತರ ಎತ್ತಿಕೊಂಡು ಬರುತ್ತದೆ. ಕಿರಿದಾದರೆ ಮಾಲ್ಪಾದಲ್ಲಿ ತಳ ಸಿಗುವುದಿಲ್ಲ. ಗೆರೆಯ ಅಗಲವನ್ನು ಎಲ್ಲಿ ಎಷ್ಟು ಇಡಬೇಕು ಎಂಬುದಕ್ಕೆ ಒಂದು ಲೆಕ್ಕ ಸಿಕ್ಕಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪರದೆಯ ಮೇಲೆ ಸರಿಯಾದರೆ ಸಾಲದು ಅಲ್ವಾ? ಅಕ್ಟೋಬರಿನಲ್ಲಿ ಲೋಂಡಾದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದೆ. ದೆಹಲಿ, ಟನಕಪುರ, ಪಿಥೋರಾಗಢ, ಧಾರ್ಚುಲಾ. ಅಲ್ಲಿ ಗಡಿ ಭಾಗಕ್ಕೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್, ಅದಕ್ಕೊಂದು ದಿನ. ಉಪಕರಣ ಎಂದರೆ ಬ್ಯಾರೋಮೀಟರ್ ಇರುವ ಒಂದು ವಾಚು, ಅಂಥದ್ದೇ ಸೆನ್ಸರ್ ಇರುವ ಹಳೆಯ ಫೋನು, ಮೂರು ಸಾವಿರಕ್ಕೆ ಕೊಂಡದ್ದು. ಎರಡೂ ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುತ್ತವೆ. ಹಳೆಯ ಫೋನನ್ನು ಹೋಟೆಲ್ ಕೋಣೆಯಲ್ಲಿ ಬಿಟ್ಟೆ. ಹವೆಯಿಂದ ಒತ್ತಡ ಏರುಪೇರಾದರೆ, ಒಂದೇ ಕಡೆ ಇರುವ ಅದರ ದಾಖಲೆಯಿಂದ ವಾಚಿನ ಲೆಕ್ಕ ತಿದ್ದಬಹುದು. ಎರಡನೇ ದಿನ ಕೋಣೆ ಗುಡಿಸಿದವರು ಚಾರ್ಜರ್ ಕಿತ್ತಿದ್ದರು. ಅರ್ಧ ದಿನದ ಲೆಕ್ಕ ಹೋಯಿತು.

ದೊಡ್ಡ ಎಡವಟ್ಟು ಬೇರೆಯೇ. ಸಮಯವನ್ನು ಜೇಬಿನಲ್ಲಿದ್ದ ನನ್ನ ಇನ್ನೊಂದು ಫೋನು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ, ಎತ್ತರ ವಾಚಿನಲ್ಲಿ ದಾಖಲಾಗುತ್ತಿತ್ತು. ಧಾರ್ಚುಲಾ ದಾಟಿದ ಮೇಲೆ ಫೋನು ಹೊಳೆಯಾಚೆಯ ನೇಪಾಳದ ಟವರ್ ಹಿಡಿದು, ಗಡಿಯಾರ ನೇಪಾಳದ ಸಮಯಕ್ಕೆ, ಹದಿನೈದು ನಿಮಿಷ ಮುಂದಕ್ಕೆ ಹಾರಿತು. ಸ್ವಲ್ಪ ಹೊತ್ತಿಗೆ ಮತ್ತೆ ನಮ್ಮ ಸಮಯ. ಜೀಪಿನಲ್ಲಿ ಹದಿನೈದು ನಿಮಿಷ ಎಂದರೆ ಇನ್ನೂರು ಮೀಟರ್ ಏರು! ಎರಡು ದಿನದ ಬರಹ ಕಸ. ಡ್ರೈವರ್ ದಾಜುಗೆ (ಅಣ್ಣನಿಗೆ) ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಪಸ್ ಬರುವಾಗ ಫೋನನ್ನು ಚೀಲಕ್ಕೆ ಹಾಕಿ, ಎಲ್ಲಾ ವಾಚಿನಲ್ಲಿಯೇ ನೋಡಿ ಬರೆದೆ. ರೋಮಿಂಗ್ ಬಿಲ್ಲು ಮನೆಗೆ ಬಂದ ಮೇಲೆ ಬಂತು, ಸಾವಿರದ ಎಂಟುನೂರು ಚಿಲ್ಲರೆ. ಒಟ್ಟು ಪ್ರವಾಸ ಮೂವತ್ತೆಂಟು ಸಾವಿರ ದಾಟಿತು. ಮನೆಯಲ್ಲಿ ಮೂವತ್ತು ಎಂದು ಹೇಳಿದ್ದೇನೆ.

ರಸ್ತೆ ಬಹಳ ಕಡೆ ನೀರಿಗಿಂತ ನೂರಾರು ಮೀಟರ್ ಮೇಲಿದೆ. ಹಾಗಾಗಿ ನಲವತ್ತು ಜಾಗ ಬರೆದರೂ ಉಪಯೋಗಕ್ಕೆ ಬಂದದ್ದು ಹನ್ನೊಂದು, ಹೊಳೆಯ ಮಟ್ಟಕ್ಕೆ ಇಳಿಯಲು ಆದ ಕಡೆ ಮಾತ್ರ. ಸಮುದ್ರಮಟ್ಟದಿಂದ ಎತ್ತರ ಬೇಡ, ಪಕ್ಕಪಕ್ಕದ ಜಾಗಗಳ ನಡುವಿನ ಇಳಿತ ಸಾಕು. ತಾಪಮಾನದ ತಿದ್ದುಪಡಿ ಮರೆಯಬೇಡಿ. ಅದಿಲ್ಲದೆ ಗುಂಜಿ ಮುಟ್ಟುವಷ್ಟರಲ್ಲಿ ಎಪ್ಪತ್ತೆಂಬತ್ತು ಮೀಟರ್ ಆಚೀಚೆ.

ಮಾಲ್ಪಾದಲ್ಲಿ ಜೀಪು ಸ್ವಲ್ಪ ಹೊತ್ತು ನಿಂತಿತು. 1998ರ ಆಗಸ್ಟಿನ ಭೂಕುಸಿತದಲ್ಲಿ ಇಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಹೋದರು. ಹೆಸರಘಟ್ಟದ ಹತ್ತಿರ ನೃತ್ಯಗ್ರಾಮ ಕಟ್ಟಿದ ಪ್ರತಿಮಾ ಬೇಡಿ ಅವರೂ ಅದರಲ್ಲಿ ಒಬ್ಬರು. ಅಲ್ಲಿ ನಾನು ಎತ್ತರ ಬರೆಯಲಿಲ್ಲ, ಮನಸ್ಸಾಗಲಿಲ್ಲ.

ಫಲ ಹೇಳುತ್ತೇನೆ. ವಾಚಿನ ಲೆಕ್ಕದ ಜೊತೆ ಹೋಲಿಸಿದ ಹತ್ತು ಇಳಿತಗಳಲ್ಲಿ ಒಂಬತ್ತರ ವ್ಯತ್ಯಾಸ ಹತ್ತು ಮೀಟರಿನೊಳಗೆ ಕೂತಿತು. ಅದಕ್ಕಿಂತ ಖುಷಿ ಕೊಟ್ಟದ್ದು ಗೆರೆಯ ಆಕಾರ. ಗುಂಜಿಯಿಂದ ಗರ್ಬ್ಯಾಂಗ್‌ವರೆಗೆ ನದಿ ಮೆಲ್ಲಗೆ ಇಳಿಯುತ್ತದೆ. ಅಲ್ಲಿಂದ ಛಿಯಾಲೇಖ್ ಬೆಟ್ಟದ ಬುಡದಲ್ಲಿ ಬುಧಿ ಊರಿನ ಕಡೆ ಧುಮುಕುತ್ತದೆ. ತವಾಘಾಟಿನವರೆಗಿನ ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಹತ್ತಿರಹತ್ತಿರ 1,900 ಮೀಟರ್ ಇಳಿತ. ಗರ್ಬ್ಯಾಂಗ್ ಊರು ಕೂತಿರುವುದು ಹಳೆಯ ಕೆರೆಯೊಂದರ ಹೂಳಿನ ಮೇಲೆ. ಅದಕ್ಕೇ ಊರು ಕುಸಿಯುತ್ತಿದೆ. ಪಿಥೋರಾಗಢದಲ್ಲಿ ಬೆಳೆದು, ಕುಮಾಊಂ ಬೆಟ್ಟಗಳನ್ನು ನಡೆದೇ ಓದಿ, ಕೊನೆಗೆ ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ಭೂವಿಜ್ಞಾನಿ ಕೆ. ಎಸ್. ವಾಲ್ದಿಯಾ ಈ ಭಾಗದ ನೆಲದಾಳದ ಬಿರುಕಿಗೆ ಟ್ರಾನ್ಸ್ ಹಿಮಾದ್ರಿ ಎಂದು ಹೆಸರಿಟ್ಟವರು. ಗರ್ಬ್ಯಾಂಗಿನ ಆ ಹಳೆಯ ಕೆರೆಯ ಸಪಾಟು ಫಿಲ್ ಓಡಿಸಿದ ಗೆರೆಯಲ್ಲಿ ಸುಳ್ಳು ಕೆರೆಗಳ ನಡುವೆ ಕಳೆದುಹೋಗಿತ್ತು. ನನ್ನದರಲ್ಲಿ ಎದ್ದು ಕಂಡಿತು. ಗೆಳೆಯ ಈ ಸಲ ನಗಲಿಲ್ಲ.

ಸುಮ್ನೆ ಇನ್ನೊಂದು ಆಟ ಆಡಿದೆ. ಗುಂಜಿಯಲ್ಲಿ ಕೂಡುವ ಎರಡು ಹೊಳೆಗಳ ಜಲಾನಯನ ಅಳೆದೆ. ಕುಠಿ ಯಾಂಕ್ತಿಯದ್ದು ಕಾಲಾಪಾನಿ ಕಡೆಯಿಂದ ಬರುವ ಹೊಳೆಗಿಂತ ದೊಡ್ಡದು. ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಆದ 1816ರ ಸುಗೌಲಿ ಒಪ್ಪಂದ ಕಾಳಿಯೇ ಗಡಿ ಎಂದಿತು, ಮೂಲ ಯಾವುದು ಎಂದು ಹೇಳಲಿಲ್ಲ. ಭಾರತಕ್ಕೂ ನೇಪಾಳಕ್ಕೂ ಇವತ್ತಿರುವ ಗಡಿ ಜಗಳ ಅಲ್ಲಿಂದಲೇ. ಹೊಳೆಯ ಗಾತ್ರದಿಂದ ಗಡಿ ತೀರ್ಮಾನ ಆಗುವುದಿಲ್ಲ, ಆ ಗೊಡವೆ ನನಗೂ ಬೇಡ. ಪ್ರೊಫೈಲನ್ನು ಗುಂಜಿಯಿಂದಲೇ ಶುರು ಮಾಡಿದ್ದು ಅದಕ್ಕೇ.

ಕೂರದೆ ಉಳಿದ ಒಂದು ಇಳಿತ ತವಾಘಾಟಿನದ್ದು. ಧೌಲಿಗಂಗಾ ಬಂದು ಸೇರುವ ಜಾಗ. ಹದಿನೆಂಟು ಮೀಟರ್ ವ್ಯತ್ಯಾಸ. ಕೋಪರ್ನಿಕಸ್ ಡಿಇಎಂಗೆ ದತ್ತಾಂಶ ಹಿಡಿದದ್ದು 2011ರಿಂದ 2015ರ ನಡುವೆ. 2013ರ ಜೂನಿನಲ್ಲಿ ಅಲ್ಲಿ ಭಾರಿ ಪ್ರವಾಹ ಬಂದಿತ್ತು, ಧೌಲಿಗಂಗಾ ವಿದ್ಯುತ್ ಕೇಂದ್ರವೇ ಮುಳುಗಿತ್ತು. ಕಲ್ಲುಮಣ್ಣು ತುಂಬಿ ತಳ ಏರಿತೋ, ಅಥವಾ ಚಾರ್ಜರ್ ಕಿತ್ತ ಆ ಅರ್ಧ ದಿನದ ಪ್ರಸಾದವೋ? ಮುಂದಿನ ಮಾರ್ಚಿನಲ್ಲಿ ನೀರು ಕಮ್ಮಿ ಇರುವಾಗ ಮತ್ತೆ ಹೋಗುತ್ತೇನೆ. ಈ ಸಲ ಫೋನಿಗೆ ಪವರ್ ಬ್ಯಾಂಕ್ ಕಟ್ಟಿ, ಕಪಾಟಿಗೆ ಬೀಗ ಹಾಕಿ.